ಇತಿಹಾಸಚಿತ್ರವು ಯಾವ ಕಾಲದ ಸಾಕ್ಷ್ಯ?

ಲಿವರ್‌ಪೂಲಿನ ವಾಕರ್ ಚಿತ್ರಶಾಲೆಯು 1877ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದರ ಕಟ್ಟಡಕ್ಕೆ ಹಣವಿತ್ತವನು ಆ ನಗರದ ಮದ್ಯೋದ್ಯಮಿ ಆಂಡ್ರ್ಯೂ ಬಾರ್‌ಕ್ಲೇ ವಾಕರ್. ಮರುವರ್ಷ ಈ ಸಂಸ್ಥೆಯು ಕೊಂಡ ಚಿತ್ರಗಳಲ್ಲಿ ಡಬ್ಲ್ಯು. ಎಫ್. ಯೇಮ್ಸನ ‘ನಿನ್ನ ತಂದೆಯನ್ನು ನೀನು ಕಡೆಯ ಬಾರಿ ಕಂಡುದು ಯಾವಾಗ?’ ಎಂಬುದು ಒಂದು. ಶಾಲಾಪುಸ್ತಕಗಳಲ್ಲಿ ಅಚ್ಚಾಗಿ ಇದು 1642ರಲ್ಲಿ ಆರಂಭವಾದ ಇಂಗ್ಲೆಂಡಿನ ಅಂತರ್ಯುದ್ಧದ ಪ್ರತಿಬಿಂಬವೆಂಬಂತೆ ಪ್ರಸಿದ್ಧವಾಯಿತು. ಇತಿಹಾಸದ ಅಧ್ಯಾಪಕರು ಇಲ್ಲಿಯೇ ಎಚ್ಚರ ವಹಿಸಬೇಕು.

ರಾಜಪಕ್ಷದವರ ಮನೆಯೊಂದು ಪಾರ್ಲಿಮೆಂಟಿನ ಪಕ್ಷದವರ ವಶವಾಗಿದೆ. ಮೇಜಿನ ಆಚೆ ವಿಚಾರಣಾಧಿಕಾರಿಗಳು. ಈಚೆ ಕಾಲ್ಮಣೆಯ ಮೇಲೆ ನಿಂತ ನೀಲಿಯುಡುಪಿನ ಬಾಲಕ. ಅವನ ಹಿಂದೆ ಸರದಿಗಾಗಿ ಕಾಯುತ್ತ ಅಳುತ್ತಿರುವ ಸೋದರಿ. ನಿಜ ನುಡಿದರೆ ತಂದೆ ಸೆರೆಯಾಗುವನು. ಮರೆಮಾಚಿದರೆ ಬಾಲಕನ ಸತ್ಯನಿಷ್ಠೆ ಕೆಡುವುದು. ಸನ್ನಿವೇಶವು ಮನಕಲಕುವಂತಹುದೇ. ಆದರೆ ಇಂತಹದೊಂದು ಘಟನೆಯ ಆಧಾರ ಯಾವ ದಾಖಲೆಯಲ್ಲಿಯೂ ಚಿತ್ರಕಾರನಿಗೆ ದೊರೆತುದಲ್ಲ. ತನ್ನ ಮನೆಯಲ್ಲಿದ್ದ ಸತ್ಯಶೀಲನಾದ ಸೋದರಸಂಬಂಧಿ ಬಾಲಕನನ್ನು ಕಂಡು, ಆ ಗುಣವೇ ಅನರ್ಥಕ್ಕೆ ಕಾರಣವಾಗುವ ಪ್ರಸಂಗವನ್ನು ಅವನು ಕಲ್ಪಿಸಿದನು. ಪ್ರಶ್ನಿಸುವವನ ಮುಖದಲ್ಲಿ ಕ್ರೌರ್ಯವಿಲ್ಲ. ಕಾವಲಿನ ಸೈನಿಕನು ಕೂಡ ಹುಡುಗಿಯನ್ನು ಸಂತೈಸುವಂತೆ ತೋರುತ್ತಾನೆ. ಎರಡು ಪಕ್ಷಗಳನ್ನೂ ಸಮಾನ ಗೌರವದಿಂದ ನೋಡುವ ಈ ಸಮಾಧಾನಚಿತ್ತವು, ಮಕ್ಕಳ ಮುಗ್ಧತೆಯ ಮೇಲಣ ಈ ವ್ಯಾಮೋಹವು, ವಿಕ್ಟೋರಿಯಾ ಯುಗದ ಮಧ್ಯಮವರ್ಗದ್ದು. ಆದುದರಿಂದ ಇದು ಅಂತರ್ಯುದ್ಧಕ್ಕಲ್ಲ, 1878ರ ಇಂಗ್ಲೆಂಡಿಗೆ ಸಾಕ್ಷ್ಯ. ಆ ಮಟ್ಟಿಗೆ ಬಹಳ ಒಳ್ಳೆಯ ಸಾಕ್ಷ್ಯ.

ಇದೇ ಚಿತ್ರಶಾಲೆಯ ಸಂಗ್ರಹದಲ್ಲಿರುವ ಜಾನ್ ಗಿಬ್ಸನ್ನನ ‘ಬಣ್ಣದ ವೀನಸ್’ ಶಿಲ್ಪದ ಕಥೆ ಇದಕ್ಕೆ ವಿರುದ್ಧವಾದುದು. ಲಿವರ್‌ಪೂಲಿನಲ್ಲಿ ಬೆಳೆದು ರೋಮಿನಲ್ಲಿ ನೆಲೆಸಿದ್ದ ಈ ಶಿಲ್ಪಿಯು 1851ರಿಂದ 1856ರವರೆಗೆ ಅದನ್ನು ಕಡೆದನು. ಪ್ರಾಚೀನ ಗ್ರೀಕರು ಅಮೃತಶಿಲೆಯ ವಿಗ್ರಹಗಳಿಗೆ ಬಣ್ಣ ಹಚ್ಚುತ್ತಿದ್ದರೆಂಬುದನ್ನು ಮನಗಂಡು, ತಾನೂ ದೇಹಕ್ಕೆ ತೆಳುವರ್ಣವನ್ನೂ ಕಣ್ಣಿಗೆ ನೀಲಿಯನ್ನೂ ಕೂದಲಿಗೆ ಹೊಂಬಣ್ಣವನ್ನೂ ಲೇಪಿಸಿದನು. 1862ರ ಲಂಡನ್ ಪ್ರದರ್ಶನದಲ್ಲಿ ಅದು ವಾದವನ್ನೆಬ್ಬಿಸಿತು. ಬಿಳಿಯ ಕಲ್ಲಿನಲ್ಲಿ ದೇವತೆಯಾಗಿ ತೋರುತ್ತಿದ್ದವಳು ಬಣ್ಣ ಬಿದ್ದೊಡನೆ ಕೇವಲ ವಿವಸ್ತ್ರಳಾದ ಹೆಂಗಸಾದಳೆಂದು ಕೆಲವರು ಆಕ್ಷೇಪಿಸಿದರು. ಪ್ರಾಚೀನ ಶಿಲ್ಪಗಳ ಮೇಲಣ ಬಣ್ಣ ಕಾಲಕ್ರಮದಲ್ಲಿ ಅಳಿದುಹೋಗಿತ್ತು. ಉಳಿದ ಬಿಳುಪನ್ನೇ ಅವರು ಗ್ರೀಕ್ ಆದರ್ಶವೆಂದು ಬಗೆದಿದ್ದರು.

ಕಲೆಯಾಗಿ ಗಿಬ್ಸನ್ನನ ಕೃತಿ ತುಸು ನಿರ್ಜೀವವೆಂದೇ ನನ್ನ ಅಭಿಪ್ರಾಯ. ಯೇಮ್ಸನ ಚಿತ್ರದಲ್ಲಿರುವ ಕಥನಶಕ್ತಿ ಅದಕ್ಕಿಲ್ಲ. ಆದರೆ ಪ್ರಮಾಣವನ್ನು ಪರಿಶೀಲಿಸಿ ಮಾಡಿದ ಶಿಲ್ಪವನ್ನು ಅನೇಕರು ಸುಳ್ಳೆಂದು ಶಂಕಿಸಿದರು. ಮನೆಯಲ್ಲಿ ಹುಟ್ಟಿದ ಕಲ್ಪನೆಯನ್ನು ತಲೆಮಾರುಗಳ ವಿದ್ಯಾರ್ಥಿಗಳು ಇತಿಹಾಸವೆಂದು ಕಂಡರು.