ಟೇಲರ್ ಕಂಡ ಇಬ್ಬರು ಸೆರೆಯಾಳುಗಳು

ಗಂಜಾಂನ ಗುಂಬಜನ್ನು ನೋಡಲು ಬರುವ ಓದುಗರಲ್ಲಿ ಕೆಲವರಿಗಾದರೂ ಮೆಡೋಸ್ ಟೇಲರನ ಹೆಸರು ಗೊತ್ತು. ಅಲ್ಲಿ ಮಲಗಿರುವ ಟೀಪುವನ್ನು ಕುರಿತು 1840ರಲ್ಲಿಯೇ ಇಂಗ್ಲಿಷಿನಲ್ಲಿ ಕಾದಂಬರಿ ಬರೆದವನು ಅವನು. ಆ ಟೀಪು ಇಂಗ್ಲಿಷರಿಗೆ ಬೇಕಾದ ಟೀಪು. ಅದನ್ನು ಅಲ್ಲಿಗೇ ಬಿಡೋಣ. ಟೇಲರನಿಗೆ ಇನ್ನೊಂದು ಮುಖವಿದೆ. ಅವನು ನಿಜಾಮನ ಸೀಮೆಯಲ್ಲಿ ಪೊಲೀಸು ಅಧಿಕಾರಿಯಾಗಿದ್ದವನು, ಮುಂದೆ ನಮ್ಮ ಸುರಪುರ ಸಂಸ್ಥಾನದ ಆಡಳಿತ ನಡೆಸಿದವನು. ನಿವೃತ್ತ ಪೊಲೀಸು ಅಧಿಕಾರಿಗಳ ನೆನಪುಗಳು ಈಚೆಗೆ ಕನ್ನಡದಲ್ಲಿ ಒಂದರ ಹಿಂದೊಂದು ಅಚ್ಚಾಗುತ್ತಿರುವಾಗ ಈ ಹಿರಿಯನನ್ನು ತಿರುವಿ ನೋಡಬೇಕೆನಿಸುತ್ತದೆ. ಹಿಡಿದೆ, ಬಾಯಿಬಿಡಿಸಿದೆ, ಪದಕ ಬಂತು ಎಂಬುದು ಇಂಥ ಪುಸ್ತಕಗಳ ಸಾಮಾನ್ಯ ಧಾಟಿ. ನನ್ನ ಆಜ್ಞೆಯಿಂದ ಯಾರಿಗೆ ಏನಾಯಿತು ಎಂದು ಕೇಳಿಕೊಳ್ಳುವ ಪುಟಗಳು ಎಷ್ಟಿವೆ?

ಟೇಲರನ ಆತ್ಮಕಥೆ ಹೊರಬಂದದ್ದು ಅವನು ತೀರಿಕೊಂಡ ಮರುವರ್ಷ, 1877ರಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿಯೇ ಅವನ ಕೈಗೆ ಒಂದು ಸೀಮೆಯ ಪೊಲೀಸು ಬಂದಿತ್ತು. ತುಳಜಾಪುರದಲ್ಲಿ ಹಿಟ್ಟಿಗೆ ಮರಳು ಬೆರೆಸಿ ಮಾರುತ್ತಿದ್ದ ಅಂಗಡಿಯವರಿಗೆ ಅವರ ಹಿಟ್ಟನ್ನೇ ತಿನ್ನಿಸಿದ ಪ್ರಸಂಗವನ್ನು ಬಾಯಿ ಚಪ್ಪರಿಸಿಕೊಂಡು ಹೇಳುತ್ತಾನೆ. ದಾರಿಹೋಕರ ಕತ್ತು ಬಿಗಿದು ಕೊಂದು ಹೂಳುತ್ತಿದ್ದ ಠಕ್ಕರ ಜಾಡು ಮಾತ್ರ ಅವನ ಕೈ ತಪ್ಪಿತು. ಅಷ್ಟರಲ್ಲಿ ಫೌಜಿಗೆ ಮರಳುವಂತೆ ಕರೆ ಬಂತು. ಕೀರ್ತಿ ಸ್ಲೀಮನ್ನನ ಪಾಲಾಯಿತು. ಈ ಪುಟಗಳಲ್ಲಿ ಸತ್ತ ದಾರಿಹೋಕರಿಗಿಂತ ತಪ್ಪಿದ ಕೀರ್ತಿಯೇ ಅವನನ್ನು ಹೆಚ್ಚು ಕಾಡಿದಂತೆ ತೋರುತ್ತದೆ.

ಆ ಕೊರತೆಯನ್ನು ಅವನು ತೀರಿಸಿಕೊಂಡದ್ದು 1839ರ ಠಕ್ಕನ ಕಾದಂಬರಿಯಲ್ಲಿ. ಅದರ ನಾಯಕ ಅಮೀರ್ ಅಲಿ 719 ಕೊಲೆಗಳನ್ನು ಒಪ್ಪಿಕೊಳ್ಳುತ್ತಾನೆ. ಹೊಣೆಯನ್ನೆಲ್ಲ ಭವಾನಿಯ ಮೇಲೆ, ಶಕುನದ ಮೇಲೆ ಹಾಕುತ್ತಾನೆ. ಅವನು ಮಾಫಿಸಾಕ್ಷಿ. ಸಂಗಡಿಗರ ಹೆಸರು ಹೇಳಿ ಜೀವ ಉಳಿಸಿಕೊಂಡವನು. ಎದುರಿಗೆ ಕುಳಿತ ಸಾಹೇಬ ಬಾಯಿ ತೆರೆಯುವುದೇ ಅಪರೂಪ. ಕಥೆಯ ಹಿಡಿತವಿರುವುದು ಈ ಮೌನದಲ್ಲಿ, ಸಂದೇಹವಿಲ್ಲ. ಆದರೆ 1836ರ ಕಾಯಿದೆಯಂತೆ ಠಕ್ಕರ ಗುಂಪಿಗೆ ಸೇರಿದವನೆಂದು ತೀರ್ಮಾನವಾದರೆ ಸಾಕು, ಜೀವಾವಧಿ ಸೆರೆ. ಇಂಥವನ ನಾಲಿಗೆಯನ್ನು ನಂಬಿ ಎಷ್ಟೋ ಜನರನ್ನು ಒಳಗೆ ತಳ್ಳಿದ ಸಾಹೇಬನಿಗೆ ರಾತ್ರಿ ನಿದ್ದೆ ಬರುತ್ತಿತ್ತೆ? ಕಾದಂಬರಿ ಅದನ್ನು ಕೇಳುವುದೇ ಇಲ್ಲ.

ಉತ್ತರ ಬಂದದ್ದು ಸುರಪುರದಿಂದ, ಅದೂ ಸೆರೆಯಾಳೊಬ್ಬನ ಬಾಯಿಂದ. ಬಾಲಕ ದೊರೆ ವೆಂಕಟಪ್ಪ ನಾಯಕ ಟೇಲರನ ಕಣ್ಣೆದುರಿಗೆ ಬೆಳೆದವನು; ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಟೇಲರ್ 1853ರಲ್ಲಿ ಸುರಪುರ ಬಿಟ್ಟ. 1858ರಲ್ಲಿ ದೊರೆ ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕ. ಚಿತಾವಣೆ ಮಾಡಿದವರ ಹೆಸರು ಹೇಳಿದರೆ ಒಳ್ಳೆಯದಾದೀತೆಂದು ತಿಳಿಹೇಳಲು ಹೋದವನು ಇದೇ ‘ಅಪ್ಪ’. ನನ್ನವರನ್ನು ಹಿಡಿದುಕೊಟ್ಟು ಹೇಡಿಯಂತೆ ಬದುಕಲಾರೆ, ಕಳ್ಳನಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಎಂಬ ಅರ್ಥದಲ್ಲಿ ದೊರೆ ಉತ್ತರಿಸಿದ. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಆ ಸೆರೆಗೆ ಒಯ್ಯುವ ದಾರಿಯಲ್ಲಿಯೇ ಅವನು ಗುಂಡು ಹಾರಿಸಿಕೊಂಡು ಸತ್ತ.

ಟೇಲರ್ ಇದನ್ನು ನಿಜವಾದ ದುಃಖದಿಂದ ಬರೆದಿದ್ದಾನೆ. ಕಾರಣ ಹುಡುಕುವಾಗ ಮಾತ್ರ ಅವನ ಬೆರಳು ದೊರೆಯ ತಾಯಿ ಈಶ್ವರಮ್ಮನ ಕಡೆಗೆ, ದುರ್ಮಂತ್ರಿಗಳ ಕಡೆಗೆ, ಕೊನೆಗೆ ಜಾತಕದ ಕಡೆಗೂ ಹೋಗುತ್ತದೆ. ಹತ್ತು ವರ್ಷಕ್ಕೂ ಮೇಲೆ ದೊರೆಯನ್ನು ತಿದ್ದಿದವನ ಹೆಸರು ಆ ಪಟ್ಟಿಯಲ್ಲಿಲ್ಲ. ಅಮೀರ್ ಅಲಿಗೆ ಭವಾನಿ ಸಿಕ್ಕಳು, ಸಾಹೇಬನಿಗೆ ಜಾತಕ ಸಿಕ್ಕಿತು! ಆದರೂ ಟೇಲರನಿಗೆ ಒಂದು ಮಾತು ಸಲ್ಲಬೇಕು. ತನ್ನ ಸರ್ಕಾರಕ್ಕೆ ಹಿತವಲ್ಲದ ದೊರೆಯ ಉತ್ತರವನ್ನು ಅವನು ಮರೆಮಾಚಲಿಲ್ಲ. ಅದು ನಮ್ಮವರೆಗೆ ಬಂದಿರುವುದು ಅವನ ಲೇಖನಿಯಿಂದಲೇ.

ಹೆಸರು ಹೇಳಿ ಬದುಕಿದವನನ್ನೂ ಹೆಸರು ಹೇಳದೆ ಸತ್ತವನನ್ನೂ ಬಲ್ಲ ಈ ಲೇಖಕ ಅವರಿಬ್ಬರನ್ನು ಎಂದೂ ಎದುರುಬದುರು ಕೂರಿಸಲಿಲ್ಲ. ಆತ್ಮಕಥೆಯ ಸುರಪುರದ ಅಧ್ಯಾಯಗಳನ್ನು ಓದುವವರು ಠಕ್ಕನ ಕಾದಂಬರಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ.