ಸ್ಲಿಪ್ ಹೊಡೆದ ಮಾತ್ರಕ್ಕೆ ಬಾಕ್ಸ್ ಹೋಗಿಲ್ಲ

ಬೆಂಗಳೂರು, ಮೈಸೂರಿನಲ್ಲಿ ಹತ್ತಾರು ವರ್ಷ ಓಡಿದ ಆಟೋಮ್ಯಾಟಿಕ್ ಕಾರುಗಳು ಈಗ ಸೆಕೆಂಡ್‌ಹ್ಯಾಂಡಿನಲ್ಲಿ ಪಾಲಹಳ್ಳಿ, ಪಾಂಡವಪುರ, ನಾಗಮಂಗಲದ ಕಡೆಗೂ ಬರುತ್ತಿವೆ. ಐ10, ಎ-ಸ್ಟಾರ್, ಹಳೆಯ ಹೋಂಡಾ ಸಿಟಿ ಇಂಥವು. ಮಂಡಿನೋವಿಗೆ ಕ್ಲಚ್ ತುಳಿಯಲಾಗದ ಹಿರಿಯರಿಗೆ, ಒಂದು ಕಾಲಿನಲ್ಲಿ ಬಲವಿಲ್ಲದವರಿಗೆ ಅವು ದೊಡ್ಡ ಆಸರೆ. ಆದರೆ ಈ ಕಾರುಗಳ ಹಿಂದೆಯೇ ಒಂದು ತೀರ್ಪೂ ಊರಿಗೆ ಬಂದು ಕೂತಿದೆ: ‘ಆಟೋಗೇರ್ ಸ್ಲಿಪ್ ಹೊಡೀತಾ? ಹಂಗಾದ್ರೆ ಗೇರ್‌ಬಾಕ್ಸ್ ಹೋಯ್ತು ಬುಡಿ ಸಾರ್. ಇಳಿಸ್ಬೇಕು, ಇಲ್ಲ ಗಾಡಿ ಮಾರ್ಬೇಕು.’ ಈ ಮಾತನ್ನು ನಂಬಿ ಎಷ್ಟೋ ಜನ ಕಾರಿನ ಬೆಲೆಯ ಅರ್ಧದಷ್ಟು ದುಡ್ಡು ಸುರಿಯುತ್ತಾರೆ, ಇಲ್ಲವೇ ಗುಜರಿ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಈ ತೀರ್ಪು ತಪ್ಪು. ಸ್ಲಿಪ್ ಎನ್ನುವುದು ರೋಗದ ಲಕ್ಷಣ. ಲಕ್ಷಣ ಕಂಡ ಕೂಡಲೇ ಮರಣಪತ್ರ ಬರೆಯುವುದು ರಿಪೇರಿಯಲ್ಲ.

ಮೊದಲು ಅದು ಸ್ಲಿಪ್ ಹೌದೋ ಅಲ್ಲವೋ ಎಂಬುದೇ ಖಚಿತವಾಗಬೇಕು. ಮೇಲುಕೋಟೆಯ ಏರು ಹತ್ತುವಾಗ ಕಾರು ಸೋತರೆ ಆರ್‌ಪಿಎಂ ಮುಳ್ಳನ್ನು ನೋಡಿ. ಮುಳ್ಳು ಸರ್ರನೆ ಮೇಲೇರಿ, ಎಂಜಿನ್ ಅರಚಿ, ವೇಗ ಮಾತ್ರ ಇದ್ದಲ್ಲೇ ಇದ್ದರೆ ಅದು ಸ್ಲಿಪ್. ಮುಳ್ಳೂ ಏರದೆ ವೇಗವೂ ಏರದಿದ್ದರೆ ದೋಷ ಎಂಜಿನ್ ಕಡೆಯದು. ಏರ್ ಫಿಲ್ಟರ್, ಪ್ಲಗ್, ಪೆಟ್ರೋಲ್ ಪಂಪ್ ನೋಡಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗೇರ್ ಒಂದು ಮೆಟ್ಟಿಲು ಇಳಿದು ಮುಳ್ಳು ಜಿಗಿಯುವುದು ಸಹಜ, ಆಗ ಎಳೆತವೂ ಜೊತೆಗೇ ಬರುತ್ತದೆ. ಗೇರಿನ ಮೆಟ್ಟಿಲುಗಳೇ ಇಲ್ಲದ ಸಿವಿಟಿ ಕಾರಿನಲ್ಲಂತೂ ಸದ್ದು ಮೊದಲು, ವೇಗ ಆಮೇಲೆ. ಅದು ಆ ಯಂತ್ರದ ಸ್ವಭಾವ.

ಎರಡನೆಯದು, ಯಾವ ಬಗೆಯ ಬಾಕ್ಸ್ ಎಂಬುದು. 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿಯ ಒಳಗಿರುವುದು ಮಾಮೂಲಿ ಗೇರು, ಮಾಮೂಲಿ ಕ್ಲಚ್ ಪ್ಲೇಟು. ನಮ್ಮ ಕಾಲು ಮಾಡುವ ಕೆಲಸವನ್ನು ಅಲ್ಲಿ ಆಕ್ಚುಯೇಟರ್ ಮಾಡುತ್ತದೆ. ಅದು ಸ್ಲಿಪ್ ಹೊಡೆದರೆ ಮೊದಲು ಅನುಮಾನ ಪಡಬೇಕಾದ್ದು ಪ್ಲೇಟನ್ನು. ಅದಕ್ಕಾಗಿ ಬಾಕ್ಸ್ ಇಳಿಸಬೇಕಾದೀತು, ಬದಲಿಸಬೇಕಾಗಿಲ್ಲ.

ಐ10, ಎ-ಸ್ಟಾರ್‌ಗಳಂಥ ಟಾರ್ಕ್ ಕನ್ವರ್ಟರ್ ಬಾಕ್ಸಿನ ಕಥೆ ಬೇರೆ. ಅಲ್ಲಿ ಆಯಿಲ್ ಬರೀ ಗ್ರೀಸಿನ ಕೆಲಸ ಮಾಡುವುದಿಲ್ಲ. ಒಳಗಿನ ಪಂಪ್ ಆಯಿಲನ್ನು ಒತ್ತಡದಲ್ಲಿ ತಳ್ಳುತ್ತದೆ, ಆ ಒತ್ತಡವೇ ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯುತ್ತದೆ. ಆಯಿಲ್ ಕಡಿಮೆಯಾಗಿ ಒತ್ತಡ ಕುಸಿದರೆ ಹೊಸ ಪ್ಲೇಟೂ ಜಾರುತ್ತದೆ. ನದಿದಡದ ಪಂಪ್‌ಸೆಟ್ ಗಾಳಿ ಎಳೆದು ನೀರೆತ್ತದಿದ್ದರೆ ನಮ್ಮ ಯಾವ ರೈತನೂ ಮೋಟರ್ ಬದಲಿಸುವುದಿಲ್ಲ, ಮೊದಲು ಫುಟ್‌ವಾಲ್ವ್ ನೋಡುತ್ತಾನೆ. ಅಷ್ಟು ವಿವೇಕ ಕಾರಿಗೂ ಸಲ್ಲಬೇಕು.

ನಮ್ಮ ಹಳ್ಳಿ ರಸ್ತೆಗಳಲ್ಲಿ ಆಯಿಲ್ ಕಡಿಮೆಯಾಗಲು ಕಾರಣಗಳಿಗೆ ಬರವಿಲ್ಲ. ಅಳತೆ ತಪ್ಪಿದ ಹಂಪಿಗೆ, ಕಬ್ಬಿನ ಟ್ರ್ಯಾಕ್ಟರ್ ಕೊರೆದ ಗುಂಡಿಗೆ ಬಾಕ್ಸಿನ ತಳದ ಆಯಿಲ್ ಚೇಂಬರ್ ತಾಗುತ್ತದೆ. ಗ್ಯಾಸ್ಕೆಟ್ ಸಡಿಲವಾಗಿ ಹನಿಹನಿ ಸೋರುತ್ತದೆ. ಚೇಂಬರ್ ಒಳಕ್ಕೆ ನೆಗ್ಗಿದರೆ ಆಯಿಲ್ ಫಿಲ್ಟರಿನ ಬಾಯಿಯೇ ಕಟ್ಟಿಹೋಗಬಹುದು. ಆಕ್ಸಲ್ ಸೀಲ್, ಕೂಲರ್ ಪೈಪ್‌ಗಳಲ್ಲೂ ಸೋರಿಕೆ ಇರುತ್ತದೆ. ಇವೆಲ್ಲ ಕಾರನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ಟಾರ್ಚ್ ಹಿಡಿದರೆ ಕಾಣುವಂಥವು.

ಬಾಕ್ಸಿನ ಆಯಿಲ್ ಅಳೆಯಲು ಡಿಪ್‌ಸ್ಟಿಕ್ ಇರುವ ಕಾರಿನಲ್ಲಿ ಕೆಲಸ ಇನ್ನೂ ಸುಲಭ. ಒಂದಿಷ್ಟು ದೂರ ಓಡಿಸಿ ಆಯಿಲ್ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಬ್ರೇಕ್ ತುಳಿದು ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ತಿರುಗಿಸಿ, ಪಾರ್ಕಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರಬೇಕು, ಹೋಂಡಾದಂಥವುಗಳಲ್ಲಿ ಆಫ್ ಮಾಡಿದ ಕೂಡಲೇ ನೋಡಬೇಕು. ಕಾರಿನ ಪುಸ್ತಕ ಹೇಳಿದ್ದೇ ಅಂತಿಮ. ಒಂದು ಹನಿಯನ್ನು ಬಿಳಿ ಬಟ್ಟೆಗೆ ಒರೆಸಿ. ತಿಳಿಗೆಂಪು ಇದ್ದರೆ ಒಳ್ಳೆಯದು. ಕಂದಾಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಕಾದಿವೆ. ಹಾಲು ಬೆರೆಸಿದ ಹಾಗಿದ್ದರೆ ರೇಡಿಯೇಟರಿನ ಕೂಲೆಂಟ್ ಒಳಗೆ ನುಗ್ಗಿದೆ, ಆ ಕಾರನ್ನು ಮುಂದೆ ಓಡಿಸಬಾರದು.

ಇನ್ನೊಂದು ನಂಬಿಕೆಯೂ ಬೇರೂರಿದೆ: ಹಳೆಯ ಬಾಕ್ಸಿನ ಆಯಿಲ್ ಬದಲಿಸಿದರೆ ಸ್ಲಿಪ್ ಹೆಚ್ಚುತ್ತದೆ, ಮುಟ್ಟಬೇಡಿ. ಇದರ ಹಿಂದೆ ಅನುಭವವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಜನ ಆಯಿಲ್ ಬದಲಿಸುವುದು ಯಾವಾಗ? ಸ್ಲಿಪ್ ಜೋರಾದ ಮೇಲೆ. ಅಷ್ಟರಲ್ಲಿ ಪ್ಲೇಟು ಸವೆದು ಮುಗಿದಿರುತ್ತದೆ. ಆಮೇಲೆ ಬಾಕ್ಸ್ ನಿಂತರೆ ದೂರು ಹೊಸ ಆಯಿಲಿನ ಮೇಲೆ. ಜೊತೆಗೆ ಎಷ್ಟೋ ಕಡೆ ಸುರಿಯುವುದು ಸಿಕ್ಕ ಆಯಿಲ್. ಆ ಕಾಲದ ಹ್ಯುಂಡೈ ಬಾಕ್ಸಿಗೆ ಎಸ್‌ಪಿ-3, ಸಿವಿಟಿಗೆ ಅದರದೇ ಆಯಿಲ್. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಕೆಡುವುದು ಖಂಡಿತ. ಮಷೀನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿಸುವುದು ಹಳೆಯ ಬಾಕ್ಸಿಗೆ ಬೇಡ. ಡ್ರೈನ್ ಬೋಲ್ಟ್ ಬಿಚ್ಚಿ ಇಳಿದಷ್ಟನ್ನು ಇಳಿಸಿ, ಅಳೆದು ಅಷ್ಟನ್ನೇ ತುಂಬಿಸಿ. ಕನ್ವರ್ಟರಿನಲ್ಲಿ ಹಳೆಯದು ಉಳಿಯುವುದರಿಂದ ಸ್ವಲ್ಪ ಓಡಿಸಿ ಇದನ್ನೇ ಮತ್ತೆ ಮಾಡಬೇಕು.

ಆಯಿಲ್ ಸರಿಯಿದ್ದೂ ಸ್ಲಿಪ್ ಇದ್ದರೆ ಸ್ಕ್ಯಾನರ್ ಹಾಕಿಸಿ. ಪಿ0730 ಬಂದರೆ ಗೇರ್ ಅನುಪಾತ ತಪ್ಪುತ್ತಿದೆ, ಪಿ0740 ಬಂದರೆ ಕನ್ವರ್ಟರ್ ಕ್ಲಚ್ಚಿನ ಸರ್ಕ್ಯೂಟಿನಲ್ಲಿ ದೋಷವಿದೆ ಎಂದರ್ಥ. ಕೋಡ್ ಹುಡುಕಬೇಕಾದ ದಿಕ್ಕು ತೋರಿಸುತ್ತದೆ, ಯಾವ ಪಾರ್ಟ್ ಎಂದು ಹೇಳುವುದಿಲ್ಲ. ಒಂದು ಸೊಲೆನಾಯ್ಡ್, ತುಕ್ಕು ಹಿಡಿದ ಒಂದು ವೈರ್ ಕನೆಕ್ಟರ್, ಸಡಿಲಾದ ಲಿವರ್ ಕೇಬಲ್ ಕೂಡ ಇದೇ ಆಟ ಆಡಿಸಬಲ್ಲವು. ಕೊನೆಗೆ ಗೇಜ್ ಹಾಕಿ ಆಯಿಲ್ ಒತ್ತಡ ಅಳೆಯಬೇಕು.

ಬಾಕ್ಸ್ ನಿಜವಾಗಿ ಹೋಗಿರುವುದೂ ಉಂಟು. ಚೇಂಬರ್ ಬಿಚ್ಚಿದಾಗ ಕಪ್ಪು ಪ್ಲೇಟಿನ ಚೂರು, ಕಬ್ಬಿಣದ ಸಿಪ್ಪೆ ಸಿಕ್ಕರೆ ವಾದಕ್ಕೆ ಜಾಗವಿಲ್ಲ, ಇಳಿಸಲೇಬೇಕು. ಚೇಂಬರಿನೊಳಗಿನ ಮ್ಯಾಗ್ನೆಟ್ಟಿಗೆ ಅಂಟಿದ ನುಣ್ಣನೆಯ ಬೂದು ಪುಡಿ ಮಾತ್ರ ಇದ್ದರೆ ಅದು ವಯಸ್ಸಿನ ಸವೆತ.

ನಮ್ಮ ಮೆಕ್ಯಾನಿಕ್‌ಗಳ ಕೈಚಳಕದ ಮೇಲೆ ನನಗೆ ಗೌರವವಿದೆ. ಅವರ ಕೈಗೆ ಸ್ಕ್ಯಾನರ್, ಗೇಜ್ ಸಿಗದಿರುವುದೇ ಈ ತೀರ್ಪಿನ ಒಂದು ಬೇರು. ಅವಿಲ್ಲದ ಕಡೆ ‘ಮೈಸೂರಿನಲ್ಲಿ ಚೆಕ್ ಮಾಡಿಸ್ಕೊಂಡು ಬನ್ನಿ’ ಎನ್ನುವವನೇ ನಂಬಬೇಕಾದ ಮೆಕ್ಯಾನಿಕ್. ಗಾಡಿ ಮಾಲೀಕರೂ ಇಷ್ಟು ಕೇಳಲಿ: ಆಯಿಲ್ ಲೆವೆಲ್ ಎಷ್ಟಿತ್ತು, ಯಾವ ಕೋಡ್ ಬಂತು, ಒತ್ತಡ ಎಷ್ಟು? ಉತ್ತರ ಸಿಗುವ ತನಕ ಬಾಕ್ಸ್ ಇಳಿಸಲು ಒಪ್ಪಬೇಡಿ, ಕಾರು ಮಾರಲೂ ಬೇಡಿ.