ಸಿಂಹಳ–ಚೀನ ಸಂಬಂಧವೂ ‘ಸಾಲದ ಬಲೆ’ ಎಂಬ ವಾದವೂ

ಪ್ರಬಲವಾಗುತ್ತಿರುವ ರಾಷ್ಟ್ರವೊಂದು ಚಿಕ್ಕ ರಾಷ್ಟ್ರಕ್ಕೆ ಸಾಲ ಕೊಟ್ಟಾಗ ಅದರ ಹಿಂದಿನ ಉದ್ದೇಶವೇನೆಂದು ಕೇಳುವುದು ಸಹಜವೇ ಸರಿ. ಶ್ರೀಲಂಕೆಯ ಹಂಬನ್‌ತೋಟ ಬಂದರಿನ ವಿಷಯದಲ್ಲಿ ಈ ಪ್ರಶ್ನೆಗೆ ದೊರೆತ ಪ್ರಸಿದ್ಧವಾದ ಉತ್ತರ ‘ಸಾಲದ ಬಲೆ’ ಎಂಬುದು. ೨೦೧೭ರ ಆರಂಭದಲ್ಲಿ ಬ್ರಹ್ಮ ಚೆಲ್ಲಾನಿಯವರ ಲೇಖನವೊಂದರ ಮೂಲಕ ಪ್ರಚಾರಕ್ಕೆ ಬಂದ ಈ ಮಾತು ಕೆಲವೇ ವರ್ಷಗಳಲ್ಲಿ ಪತ್ರಿಕೆಗಳಿಂದ ತರಗತಿಗಳವರೆಗೆ ಹಬ್ಬಿತು. ಅದು ಬರಿಯ ಕಟ್ಟುಕಥೆಯೆಂದು ಡೆಬೊರಾ ಬ್ರಾಟಿಗಮ್ ಮತ್ತು ಮೆಗ್ ರಿತ್‌ಮೈರ್ ಅವರು ೨೦೨೧ರಲ್ಲಿ ಪ್ರತಿವಾದ ಹೂಡಿದರು. ಈ ಎರಡು ಪಕ್ಷಗಳ ಬಲಾಬಲಗಳನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಪಕ್ಷದ ಸಾರವಿಷ್ಟು: ತೀರಿಸಲಾಗದ ಸಾಲವನ್ನು ಬೇಕೆಂದೇ ಕೊಟ್ಟು, ತೀರದಿದ್ದಾಗ ಚೀನವು ಬಂದರನ್ನೇ ವಶಪಡಿಸಿಕೊಂಡಿತು. ಆದರೆ ನಡೆದ ಸಂಗತಿಗಳು ಇದಕ್ಕೆ ಪೂರ್ಣವಾಗಿ ಹೊಂದುವುದಿಲ್ಲ. ೨೦೦೭ರಲ್ಲಿ ಚೀನದ ಎಕ್ಸಿಮ್ ಬ್ಯಾಂಕು ಬಂದರಿನ ಮೊದಲ ಹಂತಕ್ಕೆ ೩೦.೭ ಕೋಟಿ ಡಾಲರುಗಳನ್ನು ಶೇಕಡ ೬.೩ರ ಬಡ್ಡಿಗೆ ಸಾಲವಾಗಿ ಕೊಟ್ಟಿತು. ೨೦೧೦ರಲ್ಲಿ ಬಂದರು ತೆರೆಯಿತು; ನಿರೀಕ್ಷಿಸಿದ ವ್ಯಾಪಾರ ಮಾತ್ರ ಬರಲಿಲ್ಲ. ೨೦೧೭ರಲ್ಲಿ ಚೀನದ ಕಂಪನಿಯೊಂದು ೧೧೨ ಕೋಟಿ ಡಾಲರು ತೆತ್ತು ೯೯ ವರ್ಷಗಳ ಗುತ್ತಿಗೆ ಪಡೆಯಿತು. ಗಮನಿಸತಕ್ಕ ಅಂಶವೆಂದರೆ, ಈ ಹಣ ಬಂದರಿನ ಸಾಲಕ್ಕೆ ಜಮೆಯಾಗಲಿಲ್ಲ; ದೇಶದ ವಿದೇಶೀ ವಿನಿಮಯ ನಿಧಿಯನ್ನು ಸೇರಿತು. ಮೂಲ ಸಾಲ ಶ್ರೀಲಂಕೆಯ ತಲೆಯ ಮೇಲೆ ಹಾಗೆಯೇ ಉಳಿಯಿತು. ೨೦೨೨ರ ಏಪ್ರಿಲ್‌ನಲ್ಲಿ ಆ ದೇಶ ವಿದೇಶೀ ಸಾಲದ ಪಾವತಿಯನ್ನು ನಿಲ್ಲಿಸಿದಾಗಲೂ ಚೀನಕ್ಕೆ ಸಲ್ಲಬೇಕಾದುದಕ್ಕಿಂತ ಅಂತಾರಾಷ್ಟ್ರೀಯ ಪೇಟೆಯ ಸಾಲಪತ್ರದಾರರಿಗೆ ಸಲ್ಲಬೇಕಾದುದೇ ಅಧಿಕವಾಗಿತ್ತು. ‘ಸಾಲಕ್ಕೆ ಬದಲಾಗಿ ಬಂದರು’ ಎಂಬ ಮಾತು ಆದುದರಿಂದ ನಿಲ್ಲುವುದಿಲ್ಲ.

ಇದಕ್ಕಿಂತ ಗಂಭೀರವಾದ ದೋಷ ಆ ರೂಪಕದಲ್ಲಿಯೇ ಇದೆ. ಬಲೆಯೆಂದೊಡನೆ ಬುದ್ಧಿಯೆಲ್ಲ ಬೇಟೆಗಾರನದಾಗುತ್ತದೆ; ಸಿಕ್ಕಿಬಿದ್ದ ಪ್ರಾಣಿಗೆ ಇಚ್ಛೆಯೂ ಇಲ್ಲ, ಹೊಣೆಯೂ ಇಲ್ಲ. ಸಿಂಹಳದ ಇತಿಹಾಸ ಇದನ್ನು ಒಪ್ಪದು. ೧೯೫೨ರಲ್ಲಿ, ಕೊರಿಯಾ ಯುದ್ಧಕಾಲದ ಏರಿಕೆಯ ಬಳಿಕ ರಬ್ಬರಿನ ಬೆಲೆ ಕುಸಿದು, ಅಕ್ಕಿಯೂ ದುರ್ಲಭವಾಗಿದ್ದ ಸಮಯದಲ್ಲಿ, ಡಡ್ಲಿ ಸೇನಾನಾಯಕೆಯವರ ಸರ್ಕಾರ ಚೀನದೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ ೫೦ ಸಾವಿರ ಟನ್ ರಬ್ಬರು, ಪ್ರತಿಯಾಗಿ ೨.೭ ಲಕ್ಷ ಟನ್ ಅಕ್ಕಿ. ರಬ್ಬರಿಗೆ ಪೇಟೆಯ ಧಾರಣೆಗಿಂತ ಹೆಚ್ಚಿನ ಬೆಲೆ ದೊರೆಯಿತು. ಚೀನಕ್ಕೆ ಯುದ್ಧೋಪಯೋಗಿ ಸರಕುಗಳನ್ನು ಕಳುಹಿಸಬಾರದೆಂದು ೧೯೫೧ರಲ್ಲಿ ವಿಶ್ವಸಂಸ್ಥೆ ಗೊತ್ತುಪಡಿಸಿತ್ತು. ಸಿಂಹಳ ಆಗಿನ್ನೂ ಅದರ ಸದಸ್ಯ ರಾಷ್ಟ್ರವಾಗಿರಲಿಲ್ಲ. ಅಮೆರಿಕದ ನೆರವು ತಪ್ಪಿತು. ಆದರೂ ಒಪ್ಪಂದವನ್ನು ಕೈಬಿಡಲಿಲ್ಲ. ಎರಡು ದೇಶಗಳು ರಾಯಭಾರ ಸಂಬಂಧ ಬೆಳೆಸಿದುದು ೧೯೫೭ರಲ್ಲಿ. ವ್ಯಾಪಾರವೇ ರಾಜತಂತ್ರಕ್ಕೆ ದಾರಿ ಮಾಡಿತ್ತು. ಕಮ್ಯೂನಿಸ್ಟರಲ್ಲದ ಸರ್ಕಾರವೊಂದು ತನ್ನ ಜನರ ಅನ್ನದ ಲೆಕ್ಕ ಹಾಕಿ ನಡೆಸಿದ ಚೌಕಾಸಿ ಇದು. ಹೀಗೆ ಚೌಕಾಸಿ ಮಾಡಬಲ್ಲ ದೇಶವನ್ನು ಮೂಕಪ್ರಾಣಿಯೆಂದು ಚಿತ್ರಿಸುವುದು ಅನ್ಯಾಯ. ಅಷ್ಟೇ ಅಲ್ಲ, ಅದರಿಂದ ಅಲ್ಲಿನ ಆಳುವವರಿಗೆ ಸುಲಭವಾದ ಬಿಡುಗಡೆಯೂ ದೊರೆಯುತ್ತದೆ. ಹಂಬನ್‌ತೋಟವು ಆಗಿನ ಅಧ್ಯಕ್ಷ ಮಹಿಂದ ರಾಜಪಕ್ಸೆಯವರ ಸ್ವಂತ ಜಿಲ್ಲೆಯೆಂಬುದನ್ನು ಬಲೆಯ ಕಥೆ ಮರೆಸಿಬಿಡುತ್ತದೆ.

ಹಾಗೆಂದು ಎರಡನೆಯ ಪಕ್ಷವನ್ನು ಪೂರ್ಣವಾಗಿ ಒಪ್ಪಲೂ ನಮಗೆ ಸಾಧ್ಯವಿಲ್ಲ. ಬಲೆ ಇರಲಿಲ್ಲವೆಂದ ಮಾತ್ರಕ್ಕೆ ಭಾರವೂ ಇರಲಿಲ್ಲವೆಂದಾಗದು. ೨೪ ರಾಷ್ಟ್ರಗಳೊಡನೆ ಚೀನ ಮಾಡಿಕೊಂಡ ನೂರು ಸಾಲದ ಒಪ್ಪಂದಗಳನ್ನು ಪರಿಶೀಲಿಸಿದ, ೨೦೨೧ರ ಒಂದು ಅಧ್ಯಯನವು ಅವುಗಳಲ್ಲಿ ಅನೇಕ ಒಪ್ಪಂದಗಳು ಗೌಪ್ಯತೆಯ ಷರತ್ತನ್ನು ಒಳಗೊಂಡಿರುವುದನ್ನು ತೋರಿಸಿದೆ. ತೀರಿಸುವವರಿಂದಲೇ ಷರತ್ತುಗಳನ್ನು ಮುಚ್ಚಿಟ್ಟ ಸಾಲವನ್ನು ಸಮಾನರ ನಡುವಣ ವ್ಯವಹಾರವೆಂದು ಹೇಗೆ ಕರೆಯೋಣ? ೨೦೨೨ರ ಆಗಸ್ಟ್‌ನಲ್ಲಿ ಚೀನದ ಯುವಾನ್ ವಾಂಗ್ ೫ ಎಂಬ ನೌಕೆ ಹಂಬನ್‌ತೋಟಕ್ಕೆ ಹೊರಟಾಗ, ಬರುವಿಕೆಯನ್ನು ಮುಂದೂಡಬೇಕೆಂದು ಕೇಳಿದ ಶ್ರೀಲಂಕೆ ಕೆಲವೇ ದಿನಗಳಲ್ಲಿ ಅನುಮತಿ ಕೊಟ್ಟಿತು. ಮುಂದೆ ಸಾಲದ ಮರುಹೊಂದಾಣಿಕೆಯ ಸಂದರ್ಭದಲ್ಲಿ ಭಾರತ, ಜಪಾನ್, ಫ್ರಾನ್ಸ್‌ಗಳ ನೇತೃತ್ವದ ಸಮಿತಿಯಿಂದ ಹೊರಗುಳಿದು, ಚೀನದ ಬ್ಯಾಂಕು ೨೦೨೩ರ ಅಕ್ಟೋಬರ್‌ನಲ್ಲಿ ಪ್ರತ್ಯೇಕವಾದ ಒಪ್ಪಂದಕ್ಕೆ ಬಂದಿತು. ೧೯೫೨ರಲ್ಲಿ ಕೊಡಲು ರಬ್ಬರಿದ್ದ ದೇಶಕ್ಕೆ ಈಗ ಕೊಡಲು ಉಳಿದುದು ನೆಲ ಮತ್ತು ನೆಲೆ. ಸಾಲಗಾರನ ಚೌಕಾಸಿಯ ಶಕ್ತಿ ಕ್ರಮೇಣ ಕ್ಷೀಣಿಸುವ ಈ ಬಗೆಯನ್ನು ‘ಕಟ್ಟುಕಥೆ’ ಎಂಬ ಮಾತು ಕಾಣಿಸುವುದಿಲ್ಲ.

ನಮ್ಮ ವಿಷಯದಲ್ಲಿಯೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಭಾರತೀಯರಾದ ನಾವು ಈ ವ್ಯಾಜ್ಯದಲ್ಲಿ ತಟಸ್ಥ ಸಾಕ್ಷಿಗಳಲ್ಲ. ನೆರೆಯ ದ್ವೀಪದಲ್ಲಿ ಚೀನದ ಹಡಗು ನಮಗೆ ಆತಂಕದ ವಿಷಯ. ಬಲೆಯ ವಾದ ನಮ್ಮಲ್ಲಿ ಬೇಗ ಬೇರೂರಿದುದಕ್ಕೆ ಇದೂ ಒಂದು ಕಾರಣವಿರಬೇಕು. ಆತಂಕ ನ್ಯಾಯವಾದುದೇ ಇರಬಹುದು. ಆದರೆ ಅದು ಪ್ರಮಾಣವಾಗಲಾರದು.

ಕೊಟ್ಟವನ ಉದ್ದೇಶವೇನೆಂಬ ಒಂದೇ ಪ್ರಶ್ನೆಗೆ ವಿಮರ್ಶೆಯನ್ನು ಸೀಮಿತಗೊಳಿಸಿದುದು ಎರಡು ಪಕ್ಷಗಳಿಗೂ ಸಮಾನವಾದ ಕೊರತೆಯೆಂದು ನಮಗೆ ತೋರುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ: ಸಾಲದ ಪತ್ರಕ್ಕೆ ಸಹಿ ಬೀಳುವ ಮೊದಲು ಅದು ಸಂಸತ್ತಿನ ಮುಂದೆ ಬಂದಿತೆ? ಲಾಭದ ಲೆಕ್ಕವನ್ನು ಹಾಕಿದವರಾರು? ತಪ್ಪಿದಾಗ ತೆರುವವರಾರು? ೨೦೨೨ರಲ್ಲಿ ಕೊಲಂಬೊದ ಬೀದಿಗಳಲ್ಲಿ ಇಂಧನಕ್ಕಾಗಿ ಸಾಲುಗಟ್ಟಿ ನಿಂತವರು ಆ ಪತ್ರಗಳನ್ನು ಬರೆದವರಲ್ಲ. ಚೀನದ ಉದ್ದೇಶವನ್ನು ಶಂಕಿಸುವ ವಿದ್ಯಾರ್ಥಿಯೂ, ಸಮರ್ಥಿಸುವ ವಿದ್ಯಾರ್ಥಿಯೂ ಮೊದಲು ಅವರ ಕಡೆಯಿಂದ ಲೆಕ್ಕ ನೋಡುವುದನ್ನು ಕಲಿಯಬೇಕು.